ಗುಂಡಕಲ್ಲು ಮಲಗಿದ ತೊಟ್ಟಿಲು

ನಮ್ಮ ಮನೆಯ ತೊಟ್ಟಿಲು ಯಾರ ಕಾಲದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ನಾನು ಮಲಗಿದ್ದೆ, ನನ್ನಪ್ಪ ಮಲಗಿದ್ದ, ಅವನಪ್ಪನೂ ಮಲಗಿದ್ದನೆಂದು ಅವ್ವ ಹೇಳುತ್ತಿದ್ದಳು. ಹಾಗೆ ಮಲಗಿದವರಲ್ಲಿ ಯಾರೂ ಮುಂದೆ ದೊಡ್ಡ ಮನುಷ್ಯರಾದ ಸುದ್ದಿಯಿಲ್ಲ. ಆದರೆ ಅದರಿಂದ ತೊಟ್ಟಿಲಿನ ಘನತೆಗೆ ಕುಂದು ಬಂದಿರಲಿಲ್ಲ. ಮೂಲೆಗೊಂದು ಕಟ್ಟಿಗೆಯ ಗಿಳಿ. ಅವುಗಳಲ್ಲಿ ಒಂದಕ್ಕೆ ಕೊಕ್ಕಿಲ್ಲ. ಹಲ್ಲು ಬರುವಾಗ ಅದನ್ನು ನಾನೇ ಕಡಿದು ತಿಂದೆನಂತೆ. ಬೆಟಗೇರಿಯ ಮನೆಯ ಪಡಸಾಲೆಯಲ್ಲಿ, ತೊಲೆಗೆ ಹೊಡೆದ ಕೊಂಡಿಗಳಿಂದ ಸರಪಳಿ ಇಳಿಬಿಟ್ಟು ಅದನ್ನು ತೂಗುಹಾಕಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಚಳಿಗಾಲದಲ್ಲಿ ತೊಟ್ಟಿಲಿನ ಒಡೆತನ ನಮ್ಮ ಮಗಳದಾಗಿತ್ತು. ಅವಳಿಗೆ ಎರಡು ವರ್ಷ ತುಂಬಿ ಕೆಲವು ತಿಂಗಳಾಗಿದ್ದವು. ಕಾಲು ಚಾಚಿದರೆ ಹಿಮ್ಮಡಿ ಒಂದು ಗಿಳಿಗೆ, ನೆತ್ತಿ ಇನ್ನೊಂದು ಗಿಳಿಗೆ ಬಡಿಯುತ್ತಿತ್ತು. ಆದರೂ ಇಳಿಯಲೊಲ್ಲಳು.

ಇಳಿಯಲೇಬೇಕಾದ ಕಾಲ ಬಂದಿತ್ತು. ನನ್ನ ಹೆಂಡತಿ ಎರಡನೆಯ ಬಾರಿ ಬಸುರಿಯಾಗಿದ್ದಳು. ಎಳ್ಳ ಅಮಾವಾಸ್ಯೆಯ ಆಸುಪಾಸಿಗೆ ಹೆರಿಗೆಯೆಂದು ಹಿರಿಯರು ಬೆರಳು ಮಡಿಚಿ ಹೇಳಿದ್ದರು. ಚೊಚ್ಚಲ ಹೆರಿಗೆ ತವರಿಗೆ, ಎರಡನೆಯದು ಗಂಡನ ಮನೆಗೆ ಎಂಬುದು ನಮ್ಮಲ್ಲಿಯ ರೂಢಿ. ಆ ಲೆಕ್ಕದಲ್ಲಿ ಈ ಸಲದ ಮರ್ಯಾದೆ ನಮ್ಮ ಅವ್ವನದು. ತಕರಾರು ಬಂದದ್ದು ಹೊಟ್ಟೆಯೊಳಗಿನ ಕೂಸಿನದಲ್ಲ, ಹೊರಗಿನ ಕೂಸಿನದು.

ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ತುಂಗಭದ್ರೆಯ ದಂಡೆಯ ಹಮ್ಮಿಗಿಯವರು. ದೀಪಾವಳಿ ಮುಗಿದ ಮೇಲೆ ಮುಂಡರಗಿಯ ಬಸ್ಸು ಹಿಡಿದು ಬಂದು, ಕಾಲು ತೊಳೆಯುವ ಮೊದಲೇ ತೀರ್ಪು ಕೊಟ್ಟರು.

"ಬಾಣಂತಿ ಒಂದ ಕಡೆ, ತೊಟ್ಟಲಾ ಬಿಡದ ಕೂಸೊಂದ ಕಡೆ. ನಿಮ್ಮ ಅವ್ವಾರಿಗೆ ಎಷ್ಟ ಕೈ ಅದಾವ? ದೊಡ್ಡಾಕಿನ್ನ ನಾ ಕರಕೊಂಡ ಹೊಕ್ಕೀನಿ. ಒಂದ ತಿಂಗಳ ಮಟ್ಟಿಗೆ."

ಆ ಮಾತು ಕೇಳಿ ನನ್ನ ಹೆಂಡತಿಯ ಕೈಯಲ್ಲಿದ್ದ ಸೂಜಿ ನಿಂತಿತು. ಅವಳು ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಕಿ ಕೌದಿ ಹೊಲಿಯುತ್ತಿದ್ದಳು.

"ಒಂದ ತಿಂಗಳ ಅಂದ್ರ ಎಷ್ಟ ತಿಂಗಳವಾ?" ಎಂದಳು ತಾಯಿಗೆ.

ಅತ್ತೆ ನಕ್ಕರು. ಹೆಂಡತಿ ನಗಲಿಲ್ಲ.

ಈ ಪ್ರಶ್ನೆಯ ಹಿಂದೊಂದು ಸಂಗತಿಯಿತ್ತು. ನನ್ನ ಹೆಂಡತಿಗೆ ಹೆಚ್ಚು ಕಡಿಮೆ ನಮ್ಮ ಮಗಳದೇ ವಯಸ್ಸಿದ್ದಾಗ ಅವಳ ತಮ್ಮ ಹುಟ್ಟಿದ. ಅವಳನ್ನು ಹಿರೇವಡ್ಡಟ್ಟಿಯ ಅಜ್ಜಿಯ ಮನೆಗೆ ಕಳಿಸಿದರು. ಒಂದು ತಿಂಗಳ ಮಟ್ಟಿಗೆ. ಆಮೇಲೆ ಬಿತ್ತಿಗೆ ಬಂತು, ಆಮೇಲೆ ಸುಗ್ಗಿ ಬಂತು, ಆಮೇಲೆ ಕೂಸಿಗೆ ಕೆಮ್ಮು ಬಂತು. ಅವಳು ಹಮ್ಮಿಗಿಗೆ ಮರಳಿದ್ದು ಶಾಲೆಗೆ ಹೆಸರು ಹಚ್ಚುವ ವಯಸ್ಸಿಗೆ. ಬಾಗಿಲಲ್ಲಿ ನಿಂತು, "ಇದು ಯಾರ ಮನಿ?" ಎಂದು ಕೇಳಿದಳಂತೆ. ಅತ್ತೆ ಈ ಕತೆಯನ್ನು ಮದುವೆ ಮುಂಜಿವೆಗಳಲ್ಲಿ ಹೇಳಿ ನಾಲ್ಕು ಮಂದಿಯನ್ನು ನಗಿಸುತ್ತಿದ್ದರು. ಕತೆ ಮುಗಿಯುವಷ್ಟರಲ್ಲಿ ನನ್ನ ಹೆಂಡತಿ ಏನಾದರೂ ಕೆಲಸ ನೆನಪಾಗಿ ಒಳಗೆ ಹೋಗಿರುತ್ತಿದ್ದಳು.

ಆದ್ದರಿಂದ ಮಗಳನ್ನು ಕಳಿಸಲೊಲ್ಲೆನೆಂದಳು. ಅತ್ತೆ ಬಿಡಲಿಲ್ಲ. ನಮ್ಮ ಅವ್ವ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಹೆರಿಗೆಯಾಗುವುದರೊಳಗೆ ಹುಡುಗಿ ತೊಟ್ಟಿಲು ಬಿಟ್ಟು ನಮ್ಮ ಅವ್ವನ ಮಗ್ಗುಲಲ್ಲಿ ಮಲಗುವುದನ್ನು ಕಲಿತು, ಹೊಸ ಕೂಸಿಗೆ ಜಾಗ ಕೊಟ್ಟರೆ ಇಲ್ಲಿಯೇ ಇರತಕ್ಕದ್ದು. ಇಲ್ಲವಾದರೆ ಹಮ್ಮಿಗಿಗೆ ಹೋಗತಕ್ಕದ್ದು. ಯುದ್ಧ ನಿಲ್ಲಿಸುವಾಗ ದೇಶಗಳು ಮಾಡಿಕೊಳ್ಳುವ ಒಪ್ಪಂದಗಳಿಗೆ ಇದೇನೂ ಕಡಿಮೆಯಿರಲಿಲ್ಲ. ಯಾರ ಸಲುವಾಗಿ ಮಾಡಿಕೊಂಡದ್ದೋ ಅವರನ್ನು ಕೇಳದಿರುವ ಪದ್ಧತಿಯನ್ನೂ ಸರಿಯಾಗಿ ಪಾಲಿಸಿದ್ದೆವು.

ಅತ್ತೆ ಊರಿಗೆ ಮರಳಿದರು, ಅಂದಿನಿಂದ ಮನೆಯಲ್ಲಿ ಉಪದೇಶ ಶುರುವಾಯಿತು.

"ನೀ ಈಗ ದೊಡ್ಡಾಕಿ ಆದಿ. ದೊಡ್ಡಾವ್ರು ತೊಟ್ಟಲದಾಗ ಮಲಗಬಾರ್ದು," ಎಂದು ಅವ್ವ.

"ನಾ ಸಣ್ಣಾಕಿ," ಎಂದು ಮಗಳು.

ಸೈಕಲ್ಲಿನ ಮುಂದಿನ ದಂಡದ ಮೇಲೆ ಕೂಡ್ರಬೇಕಾದರೆ ದೊಡ್ಡಾಕಿ. ಕರಿದ ಮೆಣಸಿನಕಾಯಿ ಬೇಡುವಾಗ ದೊಡ್ಡಾಕಿ. ತೊಟ್ಟಿಲಿನ ಮಾತು ಬಂತೋ ಸಣ್ಣಾಕಿ. ವಕೀಲರಿಗೆ ಈ ಜಾಣತನ ಬರಲು ವರ್ಷಗಟ್ಟಲೆ ಓದಬೇಕಾಗುತ್ತದೆ.

ನಾನು ಗದಗಿನ ಒಂದು ಹತ್ತಿ ಜಿನ್ನಿನಲ್ಲಿ ಕಾರಕೂನನಾಗಿದ್ದೆ. ಚಳಿಗಾಲವೆಂದರೆ ಅಲ್ಲಿ ಹಂಗಾಮು. ಸಂಜೆ ತಲೆ, ಮೀಸೆ, ಹುಬ್ಬಿಗೆಲ್ಲ ಅರಳೆಯ ಎಳೆ ಹತ್ತಿಸಿಕೊಂಡು ಮುದುಕನಂತೆ ಮನೆಗೆ ಬರುತ್ತಿದ್ದೆ. ಅರಳೆಯ ನಡುವೆ ಇದ್ದವನಿಗೆ ಹೊಳೆಯುವ ಉಪಾಯವೂ ಅರಳೆಯದೇ. ಹುಡುಗಿಗೆ ಒಂದು ಹೊಸ ಗಾದಿ ಮಾಡಿಸಿದರೆ ಮೆತ್ತಗೆ ಬೆಚ್ಚಗೆ ಮಲಗುವಳೆಂದು ಎಣಿಸಿ ಒಳ್ಳೆಯ ಅರಳೆ ತಂದೆ. ಓಣಿಯಲ್ಲಿ ಗಾದಿ ತುಂಬುವ ಮುದುಕರೊಬ್ಬರಿದ್ದರು. ಎಲ್ಲರೂ ಮಾಮು ಎಂದು ಕರೆಯುತ್ತಿದ್ದರು. ಮಾಮು ತಮ್ಮ ದೊಡ್ಡ ಬಿಲ್ಲು ತಂದು ಅಂಗಳದಲ್ಲಿ ಅರಳೆ ಹಿಂಜಲು ಕುಳಿತರು. ಬಿಲ್ಲಿನ ತಂತಿ ಟೊಂಯ್ ಟೊಂಯ್ ಎಂದೊಡನೆ ಮಗಳು ತೊಟ್ಟಿಲಿಳಿದು ಓಡಿದಳು. ಇಡೀ ಮಧ್ಯಾಹ್ನ ಹಾರುವ ಅರಳೆಯನ್ನು ಹಿಡಿಯುತ್ತ ಅಲ್ಲೇ ಇದ್ದಳು.

"ನೋಡ ಬೇಟಿ, ನವಾಬ ಮಲಗೋ ಗಾದಿ ಐತಿ ಇದು," ಎಂದರು ಮಾಮು, ಹೊಲಿಗೆ ಮುಗಿಸಿ ಕೈಯಿಂದ ತಟ್ಟುತ್ತ. "ಮಲಕ್ಕೊ, ಬಾ."

ಮಗಳು ಗಾದಿಯನ್ನು ಒತ್ತಿ ನೋಡಿದಳು. ಗೋಡೆಯ ಬದಿಗಿದ್ದ ಬೆಕ್ಕನ್ನು ಹಿಡಿದು ತಂದು ಅದರ ಮೇಲೆ ಬಿಟ್ಟಳು. ಬೆಕ್ಕು ಒಂದು ಸುತ್ತು ತಿರುಗಿ ಮಲಗಿಯೇಬಿಟ್ಟಿತು.

"ಬೆಕ್ಕಿಗೆ ಪಸಂದ ಬಂತ್ರಿ," ಎಂದು ಮಾಮು ಬಿಲ್ಲು ಹೆಗಲಿಗೇರಿಸಿದರು. "ನಿಮ್ಮ ಮಗಳದು ಅಲ್ಲಾನ ಮರ್ಜಿ."

ಇತ್ತ ಪಡಸಾಲೆಯಲ್ಲಿ ನಮ್ಮ ಅವ್ವ ಸಮಯ ಸಾಧಿಸಿದ್ದಳು. ಎಷ್ಟೋ ದಿನದಿಂದ ತೊಟ್ಟಿಲಿನ ಬಟ್ಟೆ ತೊಳೆಯಲು ಆಗಿರಲಿಲ್ಲ, ಒಡತಿ ಒಳಗೇ ಇರುತ್ತಿದ್ದಳಲ್ಲ. ಈಗ ಬಟ್ಟೆಯನ್ನೆಲ್ಲ ತೆಗೆದು ತೊಳೆದಳು, ಹೊಸ ಕೂಸಿಗೆಂದು ಹೊಲಿದ ಕೌದಿ ಹಾಸಿದಳು. ಆದರೆ ಬರಿದಾದ ತೊಟ್ಟಿಲನ್ನು ಹಾಗೇ ತೂಗಾಡಲು ಬಿಡಬಾರದು, ಮನೆಗೆ ಒಳ್ಳೆಯದಲ್ಲ. ಅದರಲ್ಲೂ ತುಂಬಿದ ಬಸುರಿಯಿರುವ ಮನೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡಕಲ್ಲನ್ನು ಮಲಗಿಸಿ, ಕೂಸು ಇದರಂತೆ ಗಟ್ಟಿಯಾಗಲೆಂದು ಹರಸುವ ಪದ್ಧತಿ ನಮ್ಮಲ್ಲಿದೆ. ಅವ್ವ ಅದನ್ನೇ ನೆನೆದು, ಅಡಿಗೆಮನೆಯ ಒಳಕಲ್ಲಿನಿಂದ ಖಾರ ಅರೆಯುವ ಗುಂಡಕಲ್ಲನ್ನು ಎತ್ತಿ ತೊಳೆದು, ತೊಟ್ಟಿಲಲ್ಲಿಟ್ಟು, ಮೇಲೆ ಒಂದು ಅರಿವೆ ಹೊದಿಸಿದಳು. ಬಸ್ಸಿನ ಕಿಟಕಿಯಿಂದ ಹೆಗಲ ಮೇಲಿನ ವಲ್ಲಿ ಎಸೆದು ಸೀಟು ಹಿಡಿಯುವ ಜನ ನಾವು. ಅಷ್ಟೇ ಅದರ ಉದ್ದೇಶ.

ಮಗಳು ಒಳಗೆ ಬಂದು ತೊಟ್ಟಿಲಿನಲ್ಲಿ ಇಣುಕಿದಳು.

"ಆಯೀ, ಇದ್ಯಾರ?"

ಅವ್ವನಿಗೆ ರೊಟ್ಟಿ ಬಡಿಯುವ ಹೊತ್ತು. ಉತ್ತರ ಬೇಗ ಮುಗಿದರೆ ಸಾಕಾಗಿತ್ತು.

"ನಿನ್ನ ತಮ್ಮ. ಈಗರ ನಿದ್ದಿ ಹತ್ತೈತಿ, ಗದ್ದಲಾ ಮಾಡಬ್ಯಾಡ."

ಮಗಳು ತುದಿಗಾಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ತಮ್ಮನ ಕಣ್ಣ ಎಲ್ಲದಾವ?"

"ಮುಚ್ಚ್ಯಾನ."

"ಮೂಗ?"

"ಥಂಡಿ ಐತಲ್ಲ, ಒಳಗ ಎಳಕೊಂಡಾನ."

ಈ ವಿವರಣೆ ಒಪ್ಪಿಗೆಯಾಯಿತು. ಅಂದು ರಾತ್ರಿ ಯಾರೂ ಹೇಳದೆ ಮಗಳು ಬೆಕ್ಕನ್ನು ಎಬ್ಬಿಸಿ ಓಡಿಸಿ, ಗಾದಿಯನ್ನು ತೊಟ್ಟಿಲಿನ ಕೆಳಗೆ ಎಳೆಸಿ, ಅವ್ವನ ಮಗ್ಗುಲಲ್ಲಿ ಮಲಗಿದಳು. ತೂಗುವ ಹಗ್ಗ ಅವಳ ಕೈಯಲ್ಲಿತ್ತು. ನಾವು ಮೂವರು ದೊಡ್ಡವರು ಮುಖ ಮುಖ ನೋಡಿಕೊಂಡೆವು. ಇಷ್ಟು ಸುಲಭವಾಗಿ ಕೈಗೂಡಿದ ಕೆಲಸದ ಮೇಲೆ ನಂಬಿಕೆ ಇಡಬಾರದೆಂದು ನಮಗೆ ಹೊಳೆಯಲಿಲ್ಲ.

ಮರುದಿನ ಮುಂಜಾನೆ ಅವ್ವ ಹಸಿ ಖಾರ ಅರೆಯಲು ಗುಂಡಕಲ್ಲು ತೆಗೆಯಹೋದಳು. ಮಗಳು ಅಡ್ಡ ನಿಂತಳು.

"ತಮ್ಮ ಎದ್ದಿಲ್ಲ."

"ಎದ್ದಾನ ತಗಿ, ಬಾಯಿ ತೊಳಸ್ಕೊಂಡ ಬರ್ತೀನಿ."

"ಖಾರದಾಗ ಹಾಕ್ತಿ ನೀ!" ಎಂದು ಮಗಳು ಚೀರಿದ್ದು ಓಣಿಗೆಲ್ಲ ಕೇಳಿಸಿತು. ಮೊಮ್ಮಗನನ್ನು ಒಳಕಲ್ಲಿನಲ್ಲಿ ಹಾಕಿ ಅರೆಯುವ ಹೆಂಗಸೆಂಬ ಹೆಸರು ಅವ್ವನಿಗೆ ಬೇಡವಾಗಿತ್ತು. ಕೈ ಹಿಂತೆಗೆದಳು.

ಹೀಗೆ ನನ್ನ ವನವಾಸ ಆರಂಭವಾಯಿತು. ಎಳೆಯ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ ಅರೆದ ಖಾರವಿಲ್ಲದೆ, ಕುಟ್ಟಿದ ಪುಡಿ ಚಟ್ನಿಯಲ್ಲಿ ಬಿಸಿ ರೊಟ್ಟಿ ತಿನ್ನುವುದು ಎಂಥ ಸ್ಥಿತಿಯೆಂಬುದು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೂ ಚಳಿಗಾಲದಲ್ಲಿ, ಬದನೆಕಾಯಿಯೂ ಹೊಸ ಜೋಳವೂ ಬರುವ ಕಾಲದಲ್ಲಿ. ಮನೆಯ ಯಜಮಾನನೆಂಬ ಪದವಿಯಲ್ಲಿದ್ದ ನಾನು ಒಮ್ಮೆ ಧೈರ್ಯ ಮಾಡಿ, "ಬ್ಯಾರೆ ಗುಂಡಕಲ್ಲ ತರಲೇನು?" ಎಂದೆ.

"ಸುಮ್ಮನಿರ್ರಿ," ಎಂದಳು ಹೆಂಡತಿ. "ಜೋಡಿ ಆದ್ರ ಎರಡನೇ ತೊಟ್ಟಲಾ ಕೇಳ್ತಾಳ."

ತಮ್ಮನ ಆರೈಕೆ ಕ್ರಮವಾಗಿ ನಡೆಯಿತು. ಎಣ್ಣೆ ಹಚ್ಚಿ ಬಿಸಿಲಲ್ಲಿ ಇಡಬೇಕು. ಹೊಸ ಕೂಸಿಗೆ ಹೊಲಿದ ಕುಲಾಯಿ ತಲೆಗೆ ಹಾಕಬೇಕು. ಕುಲಾಯಿ ಹಾಕಿದ ಮೇಲೆ ಕಲ್ಲಿಗೆ ನಮ್ಮ ಓಣಿಯ ಹಿರಿಯರೊಬ್ಬರ ಕಳೆ ಬಂತು. ಯಾರದೆಂದು ಹೇಳುವುದು ಬೇಡ, ಅವರ ಮಕ್ಕಳಿದ್ದಾರೆ. ಒಂದು ದಿನ ಮಗಳು ತಮ್ಮನಿಗೆ ಮುದ್ದು ಕೊಟ್ಟು ಹೊಯ್ಕೊಂಡು ಅಳತೊಡಗಿದಳು. ವರ್ಷಗಟ್ಟಲೆ ಕುಡಿದ ಖಾರವನ್ನು ಕಲ್ಲು ಅಷ್ಟು ಸುಲಭವಾಗಿ ಬಿಟ್ಟಿರಲಿಲ್ಲ, ಅವಳ ತುಟಿಗಳು ಕೆಂಪಾಗಿದ್ದವು.

"ತಮ್ಮ ಕಡದಾ!"

"ಹಂಗಾದ್ರ ತೊಟ್ಟಲದಿಂದ ತಗದು ಒಗಿಯೂಣೇನು?" ಎಂದು ಅವ್ವ ಆಸೆಯಿಂದ ಕೇಳಿದಳು.

ಮಗಳು ಬಿಕ್ಕುತ್ತಲೇ ತಲೆಯಾಡಿಸಿದಳು. "ಸಣ್ಣಾವ ಅದಾನ. ಗೊತ್ತಾಗಂಗಿಲ್ಲ."

ಹೆಂಡತಿ ಮಾತ್ರ ಇದನ್ನೆಲ್ಲ ನೋಡಿ ನಕ್ಕರೂ ಪೂರ್ತಿ ನಗುತ್ತಿರಲಿಲ್ಲ. ಒಂದು ಸಂಜೆ ಅವಳು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕುಳಿತಾಗ ಮಗಳು, "ಹೊಟ್ಟ್ಯಾಗ ಏನೈತಿ?" ಎಂದಳು.

"ಕೂಸು."

"ಸುಳ್ಳ! ಕೂಸು ತೊಟ್ಟಲದಾಗ ಐತಿ. ನೀ ಭಾಳ ಉಂಡೀದಿ."

ಮಗಳು ಆಡಲು ಹೋದ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. "ಕಲ್ಲಿಗೇ ತಮ್ಮ ಅಂತ ತೊಟ್ಟಲಾ ಬಿಟ್ಟಕೊಟ್ಟಾಳ್ರಿ. ನಾಳೆ ಖರೆ ಕೂಸು ಬಂದ್ರ ಇಕಿ ಎಲ್ಲಿ ಜಾಗಾ ಕೊಡ್ತಾಳ? ಆವಾಗ ನಮ್ಮವ್ವ ಗಂಟ ಕಟ್ಟಾಕಿನ."

ನಾನು, ಎಲ್ಲಾ ಸರಿ ಹೋಗುತ್ತದೆ ಎಂದೆ. ಗಂಡಂದಿರು ಏನೂ ಗೊತ್ತಿಲ್ಲದಾಗ ಹೇಳುವ ಮಾತು ಅದು.

ಅತ್ತೆ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಹೊತ್ತು ಮತ್ತೆ ಬಂದರು. ಹುಡುಗಿ ಗಾದಿಯ ಮೇಲೆ ಮಲಗುವುದನ್ನು ಕಣ್ಣಾರೆ ಕಂಡು ಒಪ್ಪಂದದ ಅರ್ಧ ಭಾಗ ಪೂರ್ತಿಯಾಯಿತೆಂದರು. ಉಳಿದರ್ಧದ ಮೇಲೆ ಅವರಿಗೆ ಭರವಸೆಯಿರಲಿಲ್ಲ. ಮೊಮ್ಮಗಳ ಅಂಗಿ, ಪರಕಾರಗಳನ್ನು ಒಂದು ಅರಿವೆಯಲ್ಲಿ ಗಂಟು ಕಟ್ಟಿ ಮೂಲೆಗಿಟ್ಟರು.

"ಇರ್ಲಿ. ತಯಾರಿ ಇದ್ರ ತಪ್ಪೇನೈತಿ?"

ಎಳ್ಳ ಅಮಾವಾಸ್ಯೆಗೆ ಇನ್ನೂ ಒಂದೆರಡು ದಿನವಿರುವಾಗ, ಮುಂಜಾನೆಯ ಮಂಜು ಇನ್ನೂ ಹರಿಯದ ಹೊತ್ತಿಗೆ ನರ್ಸಬಾಯಿಯನ್ನು ಕರೆತಂದೆವು. ನನ್ನನ್ನೂ ಮಗಳನ್ನೂ ಮನೆಯಿಂದ ಹೊರಗೆ ಹಾಕಿದರು. ನಾವಿಬ್ಬರೂ ಒಂದೇ ಕಂಬಳಿ ಹೊದ್ದು, ಹತ್ತಿಯ ಚಕ್ಕಡಿಗಳು ಸಾಲುಗಟ್ಟಿ ಗದಗಿನ ಕಡೆಗೆ ಹೋಗುವುದನ್ನು ನೋಡುತ್ತ ರಸ್ತೆಯ ಕಟ್ಟೆಯ ಮೇಲೆ ಕುಳಿತೆವು. ಬಿಸಿಲು ಬೆನ್ನಿಗೆ ಹತ್ತುವ ಹೊತ್ತಿಗೆ ಅವ್ವ ಬಾಗಿಲಿಗೆ ಬಂದು ಕೈ ಬೀಸಿದಳು.

ಹೆಣ್ಣು. ಅತ್ತೆ ಅದನ್ನು ಸ್ವಲ್ಪ ಮೆಲುದನಿಯಲ್ಲಿ ಹೇಳಿದರು. ಅವ್ವ, "ಲಕ್ಷ್ಮಿ ಬಂದಾಳ ತಗೋರಿ," ಎಂದು ಜೋರಾಗಿ ಹೇಳಿ ಸರಿಮಾಡಿದಳು. ನನ್ನ ಹೆಂಡತಿ ದಣಿದು ಮಲಗಿದ್ದಳು. ಮಗಳು ಮಂಚದ ಹತ್ತಿರ ಹೋಗಿ, ಕೆಂಪಗೆ ಮುದುಡಿಕೊಂಡಿದ್ದ ಮುಖವನ್ನು ನೋಡಿದಳು.

"ಇದು ಯಾರ ಕೂಸು?"

ಹೆಂಡತಿ ಕಣ್ಣು ತೆರೆದು ನನ್ನನ್ನು ನೋಡಿದಳು.

ಹೆಸರಿಡುವ ದಿನದವರೆಗೆ ಕೂಸು ತಾಯಿಯ ಮಗ್ಗುಲಲ್ಲೇ ಇರುವುದು ಪದ್ಧತಿಯಾದ್ದರಿಂದ ಅಲ್ಲಿಯ ತನಕ ಶಾಂತಿ ನೆಲೆಸಿತ್ತು. ಒಳಗಿನ ಖೋಲಿಯಲ್ಲಿ ಒಂದು ಕೂಸು, ಪಡಸಾಲೆಯಲ್ಲಿ ಒಂದು ಕೂಸು. ಮಗಳು ಒಳಗಿನದನ್ನು ಬೀಗರ ಮನೆಯ ಕೂಸಿನಂತೆ ಮರ್ಯಾದೆಯಿಂದ ನೋಡಿ ಬರುತ್ತಿದ್ದಳು.

ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಬಂದರು. ಮೊದಲಿನದೇನೂ ಕಷ್ಟವಾಗಲಿಲ್ಲ. ಗುಂಡಕಲ್ಲನ್ನೇ ಮೊದಲು ಮಲಗಿಸಬೇಕು. ಅದು ಮಲಗಿಯೇ ಇತ್ತು. ಅದಕ್ಕೆ ಕುಂಕುಮ ಹಚ್ಚಿದರು, ಹಾಡು ಹೇಳಿದರು. ತಮ್ಮನಿಗೆ ಸಲ್ಲುತ್ತಿದ್ದ ಈ ಸತ್ಕಾರವನ್ನು ಮಗಳು ಹೆಮ್ಮೆಯಿಂದ ನೋಡುತ್ತ ನಿಂತಿದ್ದಳು. ಆಮೇಲೆ ಅವ್ವ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, "ಹೂಂ, ತರ್ರಿ ಕೂಸಿನ್ನ," ಎಂದಳು.

ಮಗಳು ತೊಟ್ಟಿಲನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಕೂಗಿದ ಕೂಗಿಗೆ ಹಾಡು ನಿಂತಿತು. "ತಮ್ಮನ ಜಾಗಾ! ತಮ್ಮನ ಜಾಗಾ!" ಬೆಲ್ಲ ಕೊಟ್ಟರು, ಕೊಬ್ಬರಿ ಕೊಟ್ಟರು, ಒಬ್ಬರು ಪೊಲೀಸರನ್ನು ಕರೆಯುವುದಾಗಿ ಹೇಳಿದರು. ಕಡೆಗೆ ಅವ್ವ ಕಲ್ಲನ್ನು ಮತ್ತೆ ತೊಟ್ಟಿಲಲ್ಲಿಟ್ಟಳು. ಕೂಸಿಗೆ ತಾಯಿಯ ತೊಡೆಯ ಮೇಲೆಯೇ ಹೆಸರಿಟ್ಟರು. ಬಂದವರು ಉಂಡು, ತಲೆಗೊಂದು ಸಲಹೆ ಕೊಟ್ಟು ಹೋದರು.

ಮಧ್ಯಾಹ್ನ ಇಳಿದಿತ್ತು. ಅತ್ತೆ ಗಂಟನ್ನು ಮೂಲೆಯಿಂದ ತಂದು ಪಡಸಾಲೆಯ ಬಾಗಿಲಿಗೆ ಇಟ್ಟರು.

"ನಾಳೆ ಮುಂಜಾನೆ ಬಸ್ಸಿಗೆ ಹೊಂಡತೀನಿ. ಇಕಿನ್ನ ಕರಕೊಂಡ. ಇದರಾಗ ಯಾರದೂ ತಪ್ಪಿಲ್ಲ, ಒಂದ ತಿಂಗಳ ಮಾತು."

ನಮ್ಮ ಅವ್ವ ಹಾಸಿದ್ದ ಚಾಪೆ ಸುತ್ತತೊಡಗಿದಳು. ಒಪ್ಪಂದ ಮಾಡಿಸಿದವಳು ಅವಳೇ. ಹೆಂಡತಿ ಒಳಖೋಲಿಯ ಹೊಸ್ತಿಲ ಹತ್ತಿರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಅವಳ ಕಣ್ಣು ಗಂಟಿನ ಮೇಲಿತ್ತು. ಅತ್ತು ದಣಿದಿದ್ದ ಮಗಳು ತೊಟ್ಟಿಲಿನ ಕೆಳಗೆ ಗಾದಿಯ ಮೇಲೆ ಕುಳಿತು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದಳು.

ಚಳಿ ಏಳತೊಡಗಿತು. ಹೊದಿಕೆ ಸರಿದಿತ್ತೋ ಏನೋ, ಕೂಸು ಅತ್ತಿತು. ಹೆಂಡತಿ ತಟ್ಟಿದಳು, ಎದೆಗೆ ಹಿಡಿದಳು, ಸುಮ್ಮನಾಗಲಿಲ್ಲ. ಮಗಳು ಎದ್ದು ಹೋಗಿ ನೋಡಿದಳು. ಹೊದಿಕೆಯ ಹೊರಗೆ ಬಂದಿದ್ದ ಪಾದವನ್ನು ಒಂದು ಬೆರಳಿನಿಂದ ಮುಟ್ಟಿದಳು. ಪಾದ ಹಿಂದಕ್ಕೆ ಸರಿಯಿತು. ಮತ್ತೊಮ್ಮೆ ಮುಟ್ಟಿದಳು, ಮತ್ತೆ ಸರಿಯಿತು. ತೊಟ್ಟಿಲಿನ ತಮ್ಮ ಇಷ್ಟು ದಿನದಲ್ಲಿ ಒಂದು ಸಲವೂ ಹೀಗೆ ಮಾಡಿರಲಿಲ್ಲ.

ಬಂದು ತೊಟ್ಟಿಲಿನ ಮುಂದೆ ನಿಂತಳು. ಒಳಗೆ ಕೈ ಹಾಕಿ ಕಲ್ಲನ್ನು ಎಳೆಯಲು ನೋಡಿದಳು. ಅಲುಗಲಿಲ್ಲ.

"ಅಪ್ಪಾ, ತಮ್ಮನ್ನ ಇಳಸು."

"ಯಾಕವಾ?"

"ದೊಡ್ಡಾವ ಆದ. ದೊಡ್ಡಾವ್ರು ತೊಟ್ಟಲದಾಗ ಮಲಗಬಾರ್ದು."

ನಾನು ಕಲ್ಲನ್ನು ಎತ್ತಿ ಹಿಡಿದುಕೊಂಡು ನಿಂತೆ. ಅದರ ಹಣೆಯ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು.

"ಎಲ್ಲಿ ಮಲಗಸ್ಲಿ?"

"ನನ್ನ ಗಾದಿ ಮ್ಯಾಲ. ನನ್ನ ಬಾಜೂಕ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಚೇಷ್ಟೆ ಮಾಡುವ ಸ್ವಭಾವ ಅವರದು. "ದೊಡ್ಡಾವ ಆಗಿದ್ರ ನಾ ಕರಕೊಂಡ ಹೋಗ್ಲೇನವಾ ಅವನ್ನ ಹಮ್ಮಿಗಿಗೆ? ಒಂದ ತಿಂಗಳ ಇಟಗೊಂಡ ಕಳಸ್ತೀನಿ."

ಮಗಳು ಅವರ ಕಡೆ ತಿರುಗಿದಳು. ಇಷ್ಟು ದೊಡ್ಡ ಹೆಂಗಸಿಗೆ ಇಷ್ಟೂ ತಿಳಿಯದೇ ಎನ್ನುವಂತೆ ಇತ್ತು ಮುಖ.

"ಬ್ಯಾಡ. ಅಂವಾ ಅಳ್ತಾನ. ಇಲ್ಲೇ ಇರ್ತಾನ."

ನನ್ನ ಹೆಂಡತಿ ಕೂಸನ್ನು ಎತ್ತಿಕೊಂಡು ಮೆಲ್ಲಗೆ ಎದ್ದು ಬಂದಳು. ತಾನೇ ಅದನ್ನು ತೊಟ್ಟಿಲಿಗೆ ಹಾಕಿದಳು. ಮಗಳು ಗಾದಿಯ ಮೇಲೆ ಕುಳಿತು ಹಗ್ಗ ಹಿಡಿದಳು. ತೊಟ್ಟಿಲು ಕಿರ್ರೆಂದಿತು.

ಹೆಂಡತಿ ತಾಯಿಯ ಕಡೆ ನೋಡಿದಳು.

"ಅವ್ವಾ, ಆ ಗಂಟ ಬಿಚ್ಚು."

ಅತ್ತೆ ಗಂಟನ್ನು ಎಳೆದುಕೊಂಡರು. ಗಟ್ಟಿಯಾಗಿ ಕಟ್ಟಿದ್ದರು, ಬಿಚ್ಚಲು ಹಲ್ಲು ಹಚ್ಚಬೇಕಾಯಿತು. ಒಂದೊಂದೇ ಅಂಗಿಯನ್ನು ತೆಗೆದು ತೊಡೆಯ ಮೇಲಿಟ್ಟು ಮಡಿಚಿ, ಗೋಡೆಯ ಗೂಟದ ಕೆಳಗೆ ಜೋಡಿಸಿದರು. ಹಿರೇವಡ್ಡಟ್ಟಿಯ ಕತೆಯನ್ನು ಅವರು ಆಮೇಲೆ ಯಾವ ಮದುವೆಯಲ್ಲಿಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಕುಲಾಯಿ ಹಾಕಿಕೊಂಡು ಕಲ್ಲಿನ ತಮ್ಮ ಶಿವರಾತ್ರಿಯ ತನಕ ಗಾದಿಯ ಮೇಲೆ ಮಲಗಿದ. ಅವ್ವ ಅಷ್ಟು ದಿನವೂ ಹಸಿಮೆಣಸಿನಕಾಯಿ ಬುಟ್ಟಿ ಹಿಡಿದು ಮಾಮುವಿನ ಮನೆಯ ಒಳಕಲ್ಲಿಗೆ ಹೋಗಿ ಅರೆದು ತಂದಳು. ಮನೆಯಲ್ಲಿ ಗಂಡುಮಗ ಮಲಗಿರುವಾಗ ಗದ್ದಲ ಮಾಡಬಾರದಲ್ಲ.